ವಿದೇಶದಲ್ಲಿ ಇಂಗ್ಲಿಷ್ ಟೀಚರ್ ಕೆಲಸ: ‘ಟೂರಿಸ್ಟ್ ವೀಸಾದಲ್ಲಿ ಹೋಗಿ, ಆಮೇಲೆ ಬದಲಿಸಿಕೊಳ್ಳಿ’ ಎಂಬ ಮಾತು ನಿಜವೇ?

‘ಥಾಯ್ಲೆಂಡ್‌ನಲ್ಲಿ ಇಂಗ್ಲಿಷ್ ಟೀಚರ್ ಬೇಕಾಗಿದ್ದಾರೆ. ಯಾವ ಡಿಗ್ರಿ ಆದರೂ ನಡೆಯುತ್ತದೆ. ಊಟ, ವಸತಿ ಉಚಿತ. ಮೊದಲು ಟೂರಿಸ್ಟ್ ವೀಸಾ, ಅಲ್ಲಿಗೆ ಹೋದ ಮೇಲೆ ವರ್ಕ್ ವೀಸಾ. ಸೀಟು ಕಡಿಮೆ ಇವೆ, ಇವತ್ತೇ ಮೆಸೇಜ್ ಮಾಡಿ.’

ಇಂಥ ಸಂದೇಶ ನಿಮ್ಮ ವಾಟ್ಸ್‌ಆ್ಯಪ್ ಗ್ರೂಪಿಗೂ ಬಂದಿರಬಹುದು. ದೇಶದ ಹೆಸರು, ಸಂಬಳದ ಅಂಕಿ ಬದಲಾಗುತ್ತವೆ, ಸಂದೇಶದ ಧಾಟಿ ಬದಲಾಗುವುದಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಲ್ಲಿ ಬಿ.ಎ., ಬಿ.ಎಡ್. ಮುಗಿಸಿ ಖಾಸಗಿ ಶಾಲೆಯಲ್ಲಿ ಕಡಿಮೆ ಸಂಬಳಕ್ಕೆ ಪಾಠ ಮಾಡುತ್ತಿರುವವರಿಗೆ ಇದು ಆಸೆ ಹುಟ್ಟಿಸುವುದು ಸಹಜ. ವಿದೇಶದಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಇರುವುದೂ ನಿಜ, ಭಾರತೀಯರು ಅಲ್ಲಿ ಆ ಕೆಲಸ ಮಾಡುತ್ತಿರುವುದೂ ನಿಜ. ಆದರೆ ಅದಕ್ಕೆ ಹೋಗುವ ದಾರಿ ಸಂದೇಶದಲ್ಲಿ ಹೇಳಿದಂತಿಲ್ಲ.

ಸಂಕ್ಷಿಪ್ತವಾಗಿ

- ಕೆಲಸದ ಪರವಾನಗಿ ಇಲ್ಲದೆ ಟೂರಿಸ್ಟ್ ವೀಸಾದಲ್ಲಿ ಪಾಠ ಮಾಡುವುದು ಕಾನೂನುಬಾಹಿರ.
- ಆನ್‌ಲೈನ್ ಕೋರ್ಸ್‌ನ ಸರ್ಟಿಫಿಕೇಟ್ ಯಾರಿಗೂ ವೀಸಾ ಕೊಡಿಸುವುದಿಲ್ಲ.
- ಪದವೀಧರರ ಉದ್ಯೋಗ ಒಪ್ಪಂದವನ್ನು ಹೊರಡುವ ಮುನ್ನ ಯಾವ ಸರ್ಕಾರಿ ಕಚೇರಿಯೂ ತಾನಾಗಿ ಪರಿಶೀಲಿಸುವುದಿಲ್ಲ. ಅದನ್ನು ನೀವೇ ಮಾಡಬೇಕು. ಅದರ ಬಹುಪಾಲನ್ನು ಫೋನಿನಲ್ಲೇ, ಪುಕ್ಕಟೆಯಾಗಿ ಮಾಡಬಹುದು.

ಕೆಲಸದ ವೀಸಾ ಸಿಗುವ ಸರಿಯಾದ ಕ್ರಮ ಯಾವುದು?

ವೀಸಾ ಎಂದರೆ ಒಂದು ದೇಶದೊಳಗೆ ಬರಲು ಕೊಡುವ ಅನುಮತಿ. ಅದರ ಮೇಲೆ ನೀವು ಬರುವ ಉದ್ದೇಶವೂ ನಮೂದಾಗಿರುತ್ತದೆ: ಪ್ರವಾಸ, ಓದು, ಕೆಲಸ ಇತ್ಯಾದಿ. ಬಹಳಷ್ಟು ದೇಶಗಳಲ್ಲಿ ವೀಸಾ ಬೇರೆ, ಕೆಲಸದ ಪರವಾನಗಿ ಬೇರೆ. ಎರಡೂ ಬೇಕು.

ಸರಿಯಾದ ಕ್ರಮ ಹೀಗಿರುತ್ತದೆ. ಮೊದಲು ಶಾಲೆ ಸಂದರ್ಶನ ಮಾಡಿ ಲಿಖಿತ ಒಪ್ಪಂದ ಕೊಡುತ್ತದೆ. ನಿಮ್ಮ ಪದವಿ ಪ್ರಮಾಣಪತ್ರ ದೃಢೀಕರಣವಾಗುತ್ತದೆ. ಶಾಲೆಯೇ ತನ್ನ ದೇಶದ ಸರ್ಕಾರಕ್ಕೆ ಅರ್ಜಿ ಹಾಕಿ ನಿಮ್ಮ ಹೆಸರಿಗೆ ಅನುಮತಿ ಪತ್ರ ತರುತ್ತದೆ. ಆ ಪತ್ರ ಹಿಡಿದು ನೀವು ಭಾರತದಲ್ಲೇ ಆ ದೇಶದ ರಾಯಭಾರ ಕಚೇರಿಯ ಮೂಲಕ ವೀಸಾ ಪಡೆಯುತ್ತೀರಿ. ವಿಮಾನದ ಟಿಕೆಟ್ ಬರುವುದು ಕೊನೆಗೆ.

ವಂಚಕರ ಸಂದೇಶದಲ್ಲಿ ಈ ಕ್ರಮ ತಲೆಕೆಳಗಾಗಿರುತ್ತದೆ. ಮೊದಲು ಹಣ, ಆಮೇಲೆ ಟಿಕೆಟ್, ‘ಅಲ್ಲಿಗೆ ಹೋದ ಮೇಲೆ’ ಒಪ್ಪಂದ ಮತ್ತು ವೀಸಾ. ಕ್ರಮ ತಲೆಕೆಳಗಾಗಿದ್ದರೆ ಅಲ್ಲೇ ನಿಲ್ಲಿ.

ಮಾತು 1: ‘ಟೂರಿಸ್ಟ್ ವೀಸಾದಲ್ಲಿ ಹೋಗಿ ಅಲ್ಲೇ ಬದಲಿಸಿಕೊಳ್ಳಬಹುದು’

ಇದು ಅರ್ಧ ಸತ್ಯ, ಹಾಗಾಗಿಯೇ ಹೆಚ್ಚು ಅಪಾಯಕಾರಿ. ಕೆಲವು ದೇಶಗಳಲ್ಲಿ ಉದ್ಯೋಗದಾತರ ಕಾಗದಪತ್ರ ಸರಿಯಿದ್ದರೆ ವೀಸಾದ ಬಗೆ ಬದಲಿಸಲು ಅವಕಾಶವಿದೆ. ಆದರೆ ಅದು ಅಲ್ಲಿನ ಅಧಿಕಾರಿಗಳು ಒಪ್ಪಿದರೆ ಮಾತ್ರ ಸಿಗುವ ಅವಕಾಶ. ಪರವಾನಗಿ ಕೈಗೆ ಬರುವ ಮುನ್ನ ಒಂದು ದಿನ ಪಾಠ ಮಾಡಿದರೂ ಅದು ಅಕ್ರಮ ಕೆಲಸವೇ. ಸಿಕ್ಕಿಬಿದ್ದರೆ ದಂಡ, ಬಂಧನ, ಗಡೀಪಾರು ಎಲ್ಲವೂ ನಿಮಗೆ. ನಿಮ್ಮನ್ನು ಕಳಿಸಿದ ಏಜೆಂಟ್ ಇಲ್ಲೇ ಇರುತ್ತಾನೆ.

ಸಂಬಳ ಕೊಡದಿದ್ದರೆ ದೂರು ಕೊಡುವುದೂ ಕಷ್ಟ. ದೂರು ಕೊಡಲು ಹೋದರೆ ನೀವೇ ಅಕ್ರಮವಾಗಿ ಕೆಲಸ ಮಾಡಿದ್ದನ್ನು ಒಪ್ಪಿಕೊಂಡಂತಾಗುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. 2022ರ ಸೆಪ್ಟೆಂಬರ್‌ನಲ್ಲಿ ಭಾರತದ ವಿದೇಶಾಂಗ ಸಚಿವಾಲಯ ಒಂದು ಎಚ್ಚರಿಕೆ ಹೊರಡಿಸಿತು. ಥಾಯ್ಲೆಂಡ್‌ನಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಕೆಲಸ ಕೊಡಿಸುತ್ತೇವೆಂದು ಸಾಮಾಜಿಕ ಜಾಲತಾಣಗಳಲ್ಲಿ ಜಾಹೀರಾತು ಹಾಕಿ, ಓದಿದ ಯುವಕರನ್ನು ಅಕ್ರಮವಾಗಿ ಗಡಿ ದಾಟಿಸಿ, ಹೆಚ್ಚಾಗಿ ಮ್ಯಾನ್ಮಾರ್‌ಗೆ ಒಯ್ಯಲಾಗುತ್ತಿದೆ ಎಂದು ಅದು ತಿಳಿಸಿತು. ಅಲ್ಲಿ ಅವರನ್ನು ಕೂಡಿಹಾಕಿ ಆನ್‌ಲೈನ್ ವಂಚನೆ ಮಾಡಿಸಲಾಗುತ್ತಿತ್ತು. ಟೂರಿಸ್ಟ್ ವೀಸಾದಲ್ಲಿ ಕೆಲಸ ಮಾಡಲು ಆ ದೇಶಗಳಲ್ಲಿ ಅವಕಾಶವಿಲ್ಲ ಎಂದೂ ಸಚಿವಾಲಯ ಹಲವು ಬಾರಿ ಹೇಳಿದೆ. 2025ರ ಮಾರ್ಚ್‌ನಲ್ಲಿ ಹೀಗೆ ಸಿಕ್ಕಿಬಿದ್ದಿದ್ದ 549 ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ವಾಪಸ್ ಕರೆತರಲಾಯಿತು.

ಕೆಲಸದ ಹೆಸರು ಬೇರೆ ಇರಬಹುದು, ಕರೆದೊಯ್ಯುವ ರೀತಿ ಒಂದೇ. ಹೊರದೇಶದವರನ್ನು ಫೋನಿನಲ್ಲಿ ನಂಬಿಸಿ ಮೋಸ ಮಾಡಲು ಇಂಗ್ಲಿಷ್ ಬಲ್ಲವರು ಬೇಕು. ಹಾಗಾಗಿ ‘ಇಂಗ್ಲಿಷ್ ಬಂದರೆ ಸಾಕು’ ಎಂಬ ಜಾಹೀರಾತನ್ನು ಎರಡು ಸಲ ನೋಡಬೇಕು.

ಕರ್ನಾಟಕಕ್ಕೂ ಇಂಥ ಪೆಟ್ಟು ಬಿದ್ದಿದೆ. ಕಲಬುರಗಿ ಜಿಲ್ಲೆಯ ಕೆಲವು ಯುವಕರು ಸೆಕ್ಯೂರಿಟಿ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋಗಿ ಯುದ್ಧಭೂಮಿಗೆ ತಳ್ಳಲ್ಪಟ್ಟರು. 2024ರ ಸೆಪ್ಟೆಂಬರ್‌ನಲ್ಲಿ ಅವರು ಊರಿಗೆ ಮರಳಿದರು.

ಮಾತು 2: ‘120 ಗಂಟೆಯ ಟೆಫಲ್ ಕೋರ್ಸ್ ಮಾಡಿದರೆ ವೀಸಾ ಗ್ಯಾರಂಟಿ’

ಸುಳ್ಳು. ಟೆಫಲ್ ಎಂದರೆ ಇಂಗ್ಲಿಷ್ ಮಾತೃಭಾಷೆಯಲ್ಲದವರಿಗೆ ಇಂಗ್ಲಿಷ್ ಕಲಿಸುವ ವಿಧಾನದ ತರಬೇತಿ. ಕೆಲವು ಶಾಲೆಗಳು ಅದನ್ನು ಕೇಳುತ್ತವೆ, ತರಗತಿಯಲ್ಲಿ ಅದು ಉಪಯೋಗಕ್ಕೂ ಬರುತ್ತದೆ. ಆದರೆ ವೀಸಾ ಕೊಡುವುದು ಸರ್ಕಾರ, ಕೋರ್ಸ್ ಮಾರುವ ಕಂಪನಿಯಲ್ಲ. ಬಹುತೇಕ ದೇಶಗಳು ಮೊದಲು ನೋಡುವುದು ಪದವಿಯನ್ನು. ಅದಾದ ಮೇಲೆ ಬಿ.ಎಡ್., ಪಾಠ ಮಾಡಿದ ಅನುಭವ, ಇಂಗ್ಲಿಷ್ ಪರೀಕ್ಷೆಯ ಅಂಕ.

ಇಂಗ್ಲಿಷ್ ಬೋಧನೆಯ ಗಟ್ಟಿ ತರಬೇತಿ ಬೇಕಿದ್ದವರಿಗೆ ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲೇ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. 1963ರಲ್ಲಿ ಶುರುವಾದ ಈ ಸರ್ಕಾರಿ ಸಂಸ್ಥೆ ಶಿಕ್ಷಕರಿಗೆ ತರಬೇತಿ ಕೊಡುತ್ತದೆ. ಅಲ್ಲಿ ಕಲಿತರೂ ವೀಸಾ ಗ್ಯಾರಂಟಿ ಇಲ್ಲ. ಹಾಗೆಂದು ಯಾರೂ ಹೇಳುವುದೂ ಇಲ್ಲ.

ಮಾತು 3: ‘ಯಾವ ದೇಶದಲ್ಲಾದರೂ ಭಾರತೀಯರಿಗೆ ಈ ಕೆಲಸ ಸಿಗುತ್ತದೆ’

ಇದೂ ನಿಜವಲ್ಲ. ‘ಭಾರತೀಯರಿಗೆ ಸಿಗುವುದೇ ಇಲ್ಲ’ ಎಂಬುದೂ ನಿಜವಲ್ಲ. ದೇಶದಿಂದ ದೇಶಕ್ಕೆ ನಿಯಮ ಬೇರೆ, ಆಗಾಗ ಬದಲಾಗುತ್ತಲೂ ಇರುತ್ತದೆ. ಅರ್ಜಿ ಹಾಕುವ ದಿನ ಆಯಾ ರಾಯಭಾರ ಕಚೇರಿಯ ಜಾಲತಾಣ ನೋಡಲೇಬೇಕು. ಸ್ಥೂಲವಾಗಿ ಚಿತ್ರ ಹೀಗಿದೆ:

- ಕೊಲ್ಲಿ ದೇಶಗಳು: ನಮ್ಮವರಿಗೆ ಹೆಚ್ಚು ಪರಿಚಿತ ದಾರಿ ಇದು. ಯುಎಇ, ಕತಾರ್, ಒಮಾನ್, ಕುವೈತ್‌ಗಳಲ್ಲಿ ಸಿಬಿಎಸ್‌ಇ ಪಠ್ಯಕ್ರಮದ ಭಾರತೀಯ ಶಾಲೆಗಳಿವೆ. ಪದವಿ, ಬಿ.ಎಡ್., ಅನುಭವ ಇದ್ದವರಿಗೆ ಅಲ್ಲಿ ಅವಕಾಶವಿದೆ. ಯುಎಇಯ ಕಾರ್ಮಿಕ ಕಾನೂನಿನ ಪ್ರಕಾರ ನೇಮಕಾತಿಯ ವೆಚ್ಚವನ್ನು ಉದ್ಯೋಗದಾತರೇ ಭರಿಸಬೇಕು, ಕೆಲಸಗಾರರಿಂದ ವಸೂಲಿ ಮಾಡುವಂತಿಲ್ಲ.
- ಮಾಲ್ಡೀವ್ಸ್: ಇಲ್ಲಿನ ಶಾಲೆಗಳಲ್ಲಿ ಭಾರತೀಯ ಶಿಕ್ಷಕರು ಬಹಳ ವರ್ಷಗಳಿಂದ ಪಾಠ ಮಾಡುತ್ತಿದ್ದಾರೆ. ಶಾಲೆಗಳ ಬೋಧನಾ ಮಾಧ್ಯಮ ಹೆಚ್ಚಾಗಿ ಇಂಗ್ಲಿಷೇ.
- ಥಾಯ್ಲೆಂಡ್: ಪಾಠ ಮಾಡಲು ಬೇಕಾದದ್ದು ‘ನಾನ್ ಇಮಿಗ್ರೆಂಟ್ ಬಿ’ ವೀಸಾ ಮತ್ತು ಕೆಲಸದ ಪರವಾನಗಿ. ಶಾಲೆಯಲ್ಲಿ ಕಲಿಸಲು ಅಲ್ಲಿನ ಶಿಕ್ಷಕರ ಮಂಡಳಿಯ ಒಪ್ಪಿಗೆಯೂ ಬೇಕಾಗುತ್ತದೆ. ‘ಯಾವ ಅರ್ಹತೆಯೂ ಬೇಡ’ ಎನ್ನುವುದು ಸುಳ್ಳು.
- ಜಪಾನ್: ಶಾಲೆ ಅಥವಾ ಸಂಸ್ಥೆ ಮೊದಲು ಅಲ್ಲಿನ ವಲಸೆ ಇಲಾಖೆಯಿಂದ ‘ಅರ್ಹತಾ ಪ್ರಮಾಣಪತ್ರ’ ತರಬೇಕು. ಶಾಲಾ ಬೋಧಕರ ವೀಸಾದಲ್ಲಿ ವಿದೇಶಿ ಭಾಷೆ ಕಲಿಸುವವರು ಆ ಭಾಷೆಯ ಮಾಧ್ಯಮದಲ್ಲಿ ಕನಿಷ್ಠ 12 ವರ್ಷ ಓದಿರಬೇಕು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ಹಣ ಕಟ್ಟುವ ಮುನ್ನ ಈ ಒಂದು ಸಾಲನ್ನು ಗಮನಿಸಬೇಕು. ನಿಮ್ಮ ಇಂಗ್ಲಿಷ್ ಎಷ್ಟೇ ಚೆನ್ನಾಗಿದ್ದರೂ ನಿಯಮ ಕೇಳುವುದು ಮಾಧ್ಯಮವನ್ನು.
- ದಕ್ಷಿಣ ಕೊರಿಯಾ: ಭಾಷಾ ಬೋಧಕರ ಇ-2 ವೀಸಾ ಮುಖ್ಯವಾಗಿ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾದ ಪ್ರಜೆಗಳಿಗೆ. 2010ರಲ್ಲಿ ಜಾರಿಗೆ ಬಂದ ಭಾರತ–ಕೊರಿಯಾ ಆರ್ಥಿಕ ಒಪ್ಪಂದ ಭಾರತೀಯರಿಗೂ ಒಂದು ಸಣ್ಣ ಬಾಗಿಲು ತೆರೆದಿದೆ. ಅದಕ್ಕೆ ಪದವಿಯ ಜೊತೆ ಶಿಕ್ಷಕರ ಅರ್ಹತಾ ಪ್ರಮಾಣಪತ್ರವೂ ಬೇಕು.
- ಚೀನಾ: ಕೆಲಸಕ್ಕೆ ಝೆಡ್ ವೀಸಾ. ಇಂಗ್ಲಿಷ್ ಬೋಧನೆಗೆ ಸಾಮಾನ್ಯವಾಗಿ ಇಂಗ್ಲಿಷ್ ಮಾತೃಭಾಷೆಯಾದ ದೇಶಗಳವರನ್ನೇ ಪರಿಗಣಿಸುತ್ತಾರೆ. ನಮ್ಮವರಿಗೆ ದಾರಿ ಬಹಳ ಕಿರಿದು.
- ಅಮೆರಿಕ: ಶಿಕ್ಷಕರಿಗೆ ಜೆ-1 ವಿನಿಮಯ ವೀಸಾ ಇದೆ. ಪದವಿ ಮತ್ತು ಕನಿಷ್ಠ 2 ವರ್ಷ ಪಾಠ ಮಾಡಿದ ಅನುಭವ ಬೇಕು. ಅಲ್ಲಿನ ಸರ್ಕಾರ ಗುರುತಿಸಿದ ಪ್ರಾಯೋಜಕ ಸಂಸ್ಥೆಯ ಮೂಲಕವೇ ಅರ್ಜಿ ಹೋಗಬೇಕು. ಇದು ಅವಧಿ ಮುಗಿದ ಮೇಲೆ ವಾಪಸ್ ಬರಬೇಕಾದ ವೀಸಾ.

ಮಾತು 4: ‘ನಿಮ್ಮದು ಇಸಿಎನ್‌ಆರ್ ಪಾಸ್‌ಪೋರ್ಟ್, ಸರ್ಕಾರದ ಗೊಡವೆಯೇ ಬೇಡ’

ಇಲ್ಲಿ ಬಹಳ ಜನ ಎಡವುತ್ತಾರೆ. ಹತ್ತನೇ ತರಗತಿ ಪಾಸಾಗದವರು ಕೊಲ್ಲಿ ದೇಶಗಳೂ ಸೇರಿದಂತೆ ಕೆಲವು ನಿಗದಿತ ದೇಶಗಳಿಗೆ ಕೆಲಸಕ್ಕೆ ಹೋಗುವಾಗ ‘ವಲಸಿಗರ ಸಂರಕ್ಷಕ’ ಕಚೇರಿಯ ಅನುಮತಿ ಬೇಕು. ಅವರ ಒಪ್ಪಂದ, ಸಂಬಳ, ವಿಮೆ ಎಲ್ಲವನ್ನೂ ಅಲ್ಲಿ ನೋಡುತ್ತಾರೆ. ಹತ್ತನೇ ತರಗತಿ ಪಾಸಾದವರಿಗೆ ಆ ಅನುಮತಿ ಬೇಕಿಲ್ಲ. ಇಸಿಎನ್‌ಆರ್ ಎಂದರೆ ಅಷ್ಟೇ.

ಇದು ಅನುಕೂಲವೂ ಹೌದು, ಅಪಾಯವೂ ಹೌದು. ಗಾರೆ ಕೆಲಸಕ್ಕೆ ಹೋಗುವವರ ಒಪ್ಪಂದವನ್ನು ಒಬ್ಬ ಅಧಿಕಾರಿಯಾದರೂ ಓದುತ್ತಾರೆ. ಎಂ.ಎ., ಬಿ.ಎಡ್. ಮಾಡಿದ ಟೀಚರ್ ಒಪ್ಪಂದವನ್ನು ಯಾರೂ ಓದುವುದಿಲ್ಲ. ಮ್ಯಾನ್ಮಾರ್‌ನಲ್ಲಿ ಸಿಕ್ಕಿಬಿದ್ದವರಲ್ಲಿ ಕಂಪ್ಯೂಟರ್ ಬಲ್ಲ, ಓದಿದ ಯುವಕರು ಇದ್ದದ್ದನ್ನು ಇದರ ಜೊತೆ ಇಟ್ಟು ನೋಡಿ.

ಇನ್ನು ಏಜೆಂಟರ ವಿಷಯ. ನಿಮ್ಮ ಪಾಸ್‌ಪೋರ್ಟ್ ಯಾವುದೇ ಇರಲಿ, 1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶಿ ಕೆಲಸಕ್ಕೆ ಜನರನ್ನು ಸೇರಿಸುವ ಏಜೆಂಟ್ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿರಬೇಕು. ‘ನಾವು ಕನ್ಸಲ್ಟೆನ್ಸಿ, ಏಜೆಂಟ್ ಅಲ್ಲ’ ಎಂದರೂ, ಹಣ ಪಡೆದು ಹೊರದೇಶದ ಕೆಲಸಕ್ಕೆ ಆಳು ಕಳಿಸುವವರು ಏಜೆಂಟರೇ.

ಏಜೆಂಟ್ ಎಷ್ಟು ಹಣ ಕೇಳಬಹುದು?

ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕಕ್ಕೆ ಸರ್ಕಾರ ಹಾಕಿರುವ ಮಿತಿ 30,000 ರೂಪಾಯಿ. ಶೇ 18ರ ಜಿಎಸ್‌ಟಿ ಸೇರಿದರೆ 35,400 ರೂಪಾಯಿ. ಇದಕ್ಕೆ ರಸೀದಿ ಕೊಡಬೇಕು. ಒಂದೂವರೆ ಲಕ್ಷ, ಎರಡು ಲಕ್ಷ ಕೇಳಿದರೆ, ಅದೂ ಯಾರದ್ದೋ ಸ್ವಂತ ಖಾತೆಗೆ ಯುಪಿಐ ಮಾಡಿ ಎಂದರೆ, ಬೇರೆ ಸಾಕ್ಷಿ ಹುಡುಕಬೇಕಾಗಿಲ್ಲ.

ಸರ್ಕಾರಿ ಶುಲ್ಕಗಳು ದೊಡ್ಡವೇನಲ್ಲ. 36 ಪುಟದ ಸಾಮಾನ್ಯ ಪಾಸ್‌ಪೋರ್ಟ್‌ಗೆ 1,500 ರೂಪಾಯಿ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್‌ಗೆ 500 ರೂಪಾಯಿ, ಅದನ್ನೂ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲೇ ಕೇಳಬಹುದು. ವಿದೇಶಾಂಗ ಸಚಿವಾಲಯದ ಅಪಾಸ್ಟೀಲ್ ಮುದ್ರೆಗೆ ಒಂದು ದಾಖಲೆಗೆ 50 ರೂಪಾಯಿ, ಜೊತೆಗೆ ದಾಖಲೆ ಸ್ವೀಕರಿಸುವ ಅಧಿಕೃತ ಸಂಸ್ಥೆಯ ಸಣ್ಣ ಸೇವಾ ಶುಲ್ಕ.

ಅಪಾಸ್ಟೀಲ್ ಎಂದರೇನು? ನಮ್ಮ ಡಿಗ್ರಿಗೆ ಅದು ಯಾಕೆ?

ಇಲ್ಲಿನ ಡಿಗ್ರಿ ಅಸಲಿಯೋ ನಕಲಿಯೋ ಎಂದು ಬೇರೆ ದೇಶದವರಿಗೆ ಗೊತ್ತಾಗುವುದಿಲ್ಲ. ಅದಕ್ಕಾಗಿ ಮೊದಲು ರಾಜ್ಯ ಮಟ್ಟದಲ್ಲಿ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆ. ಭಾರತ 2005ರಲ್ಲಿ ಅಪಾಸ್ಟೀಲ್ ಒಪ್ಪಂದಕ್ಕೆ ಸೇರಿತು. ಆ ಒಪ್ಪಂದದಲ್ಲಿರುವ ಜಪಾನ್, ದಕ್ಷಿಣ ಕೊರಿಯಾ, ಒಮಾನ್‌ನಂಥ ದೇಶಗಳಿಗೆ ಈ ಒಂದು ಮುದ್ರೆ ಸಾಕು. ಸೌದಿ ಅರೇಬಿಯಾ 2022ರಲ್ಲಿ ಅದರ ವ್ಯಾಪ್ತಿಗೆ ಬಂತು. ಯುಎಇಗೆ ಸಚಿವಾಲಯದ ದೃಢೀಕರಣದ ಮೇಲೆ ಆ ದೇಶದ ರಾಯಭಾರ ಕಚೇರಿಯ ಮುದ್ರೆಯೂ ಬೇಕು.

ನಮ್ಮ ಜಿಲ್ಲೆಯವರು ಒಂದು ವಿಷಯ ನೆನಪಿಡಬೇಕು. ಇಲ್ಲಿನ ಕಾಲೇಜುಗಳಲ್ಲಿ ಹಿಂದೆ ಓದಿದವರ ಪದವಿ ಬೆಂಗಳೂರು ವಿಶ್ವವಿದ್ಯಾಲಯದ್ದು. 2017ರಲ್ಲಿ ಕೋಲಾರ ಕೇಂದ್ರವಾಗಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಆರಂಭವಾದ ಮೇಲೆ ಸೇರಿದವರ ಪದವಿ ಅದರದ್ದು. ಪರಿಶೀಲನೆಗೆ ಯಾವ ವಿಶ್ವವಿದ್ಯಾಲಯಕ್ಕೆ ಬರೆಯಬೇಕು ಎಂಬುದು ನಿಮ್ಮ ಸರ್ಟಿಫಿಕೇಟ್ ಮೇಲಿನ ಹೆಸರಿನಿಂದ ತೀರ್ಮಾನವಾಗುತ್ತದೆ. ಮೂಲ ಅಂಕಪಟ್ಟಿಗಳನ್ನು ಏಜೆಂಟ್ ಕೈಯಲ್ಲಿ ಬಿಟ್ಟು ಬರಬೇಡಿ. ಅವೇ ಒತ್ತೆ ಸಾಮಾನು ಆಗಿಬಿಡುತ್ತವೆ.

ಫೋನಿನಲ್ಲೇ ಮಾಡಬಹುದಾದ ಆರು ಪರಿಶೀಲನೆಗಳು

ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡನ್ನು ಕೈಯಲ್ಲಿ ಹಿಡಿದು ನೋಡದೆ ಯಾವ ರೀಲರೂ ಬೆಲೆ ಹಾಕುವುದಿಲ್ಲ. ಇಲ್ಲೂ ಹಾಗೆಯೇ.

1. ಏಜೆಂಟ್ ನೋಂದಣಿ: ಸರ್ಕಾರದ ಇಮೈಗ್ರೇಟ್ ಜಾಲತಾಣ ಅಥವಾ ಆ್ಯಪ್ ತೆರೆದು ನೋಂದಾಯಿತ ಏಜೆಂಟರ ಪಟ್ಟಿಯಲ್ಲಿ ಹೆಸರು ಹುಡುಕಿ. ಜಾಲತಾಣದ ವಿಳಾಸ ‘ಡಾಟ್ ಜಿಒವಿ ಡಾಟ್ ಇನ್’ ಎಂದು ಮುಗಿಯಬೇಕು. ಪರವಾನಗಿ ಇನ್ನೂ ಚಾಲ್ತಿಯಲ್ಲಿದೆಯೇ, ವಿಳಾಸ ಮತ್ತು ಫೋನ್ ನಂಬರ್ ಏಜೆಂಟ್ ಕೊಟ್ಟದ್ದಕ್ಕೆ ಹೊಂದುತ್ತದೆಯೇ ನೋಡಿ. ಬೇರೆಯವರ ನೋಂದಣಿ ಸಂಖ್ಯೆಯನ್ನು ತಮ್ಮದೆಂದು ಹಾಕಿಕೊಳ್ಳುವವರಿದ್ದಾರೆ.
2. ಶಾಲೆ: ಶಾಲೆಯ ಫೋನ್ ನಂಬರನ್ನು ಸಂದೇಶದಿಂದ ತೆಗೆದುಕೊಳ್ಳಬೇಡಿ, ನೀವೇ ಹುಡುಕಿ. ನೇರವಾಗಿ ಕರೆ ಅಥವಾ ಇ-ಮೇಲ್ ಮಾಡಿ, ‘ನನ್ನನ್ನು ನೇಮಿಸಿಕೊಂಡಿದ್ದೀರಾ?’ ಎಂದು ಕೇಳಿ.
3. ಒಪ್ಪಂದ: ಶಾಲೆಯ ಹೆಸರು, ಊರು, ಸಂಬಳ, ಪಾಠದ ಗಂಟೆ, ರಜೆ, ಅವಧಿ ಎಲ್ಲವೂ ಕಾಗದದಲ್ಲಿರಬೇಕು. ಪಾಸ್‌ಪೋರ್ಟ್ ನಮ್ಮ ಬಳಿ ಇರುತ್ತದೆ ಎಂಬ ಷರತ್ತಿದ್ದರೆ ಸಹಿ ಹಾಕಬೇಡಿ.
4. ವೀಸಾದ ಬಗೆ: ವೀಸಾದಲ್ಲಿ ಬರೆದಿರುವ ಪದವನ್ನು ಓದಿ. ‘ಟೂರಿಸ್ಟ್’, ‘ವಿಸಿಟ್’ ಎಂದಿದ್ದರೆ ಅದು ಕೆಲಸದ ವೀಸಾ ಅಲ್ಲ. ಅರ್ಥವಾಗದಿದ್ದರೆ ಆ ದೇಶದ ರಾಯಭಾರ ಕಚೇರಿಗೆ ಬರೆದು ಕೇಳಿ.
5. ಟಿಕೆಟ್: ಇಳಿಯುವ ಊರು ಶಾಲೆಯ ಊರಿಗೆ ಹೊಂದುತ್ತದೆಯೇ? ಶಾಲೆ ಬ್ಯಾಂಕಾಕ್‌ನಲ್ಲಿದೆ ಎಂದು ಹೇಳಿ ಗಡಿ ಊರಾದ ಮೇ ಸೋಟ್ ಕಡೆಗೆ ಕಾರಿನಲ್ಲಿ ಕರೆದೊಯ್ಯುತ್ತಿದ್ದರೆ ಅದು ಅಪಾಯದ ಗಂಟೆ.
6. ರಾಯಭಾರ ಕಚೇರಿ: ಆ ದೇಶದಲ್ಲಿರುವ ಭಾರತೀಯ ರಾಯಭಾರ ಕಚೇರಿಯ ಜಾಲತಾಣದಲ್ಲಿ ನಕಲಿ ಉದ್ಯೋಗಗಳ ಎಚ್ಚರಿಕೆ ಇದೆಯೇ ನೋಡಿ. ಉದ್ಯೋಗದಾತರ ಬಗ್ಗೆ ಅವರಿಗೇ ಇ-ಮೇಲ್ ಮಾಡಿ ವಿಚಾರಿಸಬಹುದು.

ಖಾಸಗಿ ಏಜೆಂಟರೇ ಬೇಡ ಎನ್ನುವವರು ರಾಜ್ಯ ಸರ್ಕಾರದ ಕೌಶಲ್ಯಾಭಿವೃದ್ಧಿ ಇಲಾಖೆಯಡಿ ಬೆಂಗಳೂರಿನಲ್ಲಿರುವ ಅಂತರರಾಷ್ಟ್ರೀಯ ವಲಸೆ ಕೇಂದ್ರದಲ್ಲಿ ವಿಚಾರಿಸಬಹುದು.

ಈಗಾಗಲೇ ಹಣ ಕೊಟ್ಟಿದ್ದರೆ?

ನಾಚಿಕೆಪಟ್ಟು ಸುಮ್ಮನಿರಬೇಡಿ, ತಡ ಮಾಡಿದಷ್ಟೂ ಹಣ ಕೈತಪ್ಪುತ್ತದೆ. ಆನ್‌ಲೈನ್‌ನಲ್ಲಿ ಹಣ ಕಳಿಸಿದ್ದರೆ ಕೂಡಲೇ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಜಿಲ್ಲೆಯ ಸೆನ್ ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ವಾಟ್ಸ್‌ಆ್ಯಪ್ ಚಾಟ್, ಯುಪಿಐ ರಸೀದಿ, ಧ್ವನಿ ಸಂದೇಶ ಯಾವುದನ್ನೂ ಅಳಿಸಬೇಡಿ. ಏಜೆಂಟ್ ಬಗ್ಗೆ ಇಮೈಗ್ರೇಟ್‌ನಲ್ಲೂ ದೂರು ದಾಖಲಿಸಬಹುದು.

ಮನೆಯವರು ಹೊರದೇಶದಲ್ಲಿ ಸಿಕ್ಕಿಕೊಂಡಿದ್ದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ತುರ್ತು ನಂಬರಿಗೆ ಕರೆ ಮಾಡಿ, ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದಲ್ಲಿ ದೂರು ಹಾಕಿ. ಪಾಸ್‌ಪೋರ್ಟ್ ಪ್ರತಿ, ಕೊನೆಯ ಬಾರಿ ಕಳಿಸಿದ ಲೊಕೇಶನ್ ಕೈಯಲ್ಲಿಟ್ಟುಕೊಳ್ಳಿ. ಹೋಗುವವರು ಇವೆರಡನ್ನೂ ಮನೆಯಲ್ಲಿ ಕೊಟ್ಟು ಹೋಗುವುದು ಒಳ್ಳೆಯದು.

ಕೊನೆಯ ಮಾತು

ಈ ನೆಲದವರು ಕಲಿಯಲು, ಕಲಿಸಲು ಹೊರದೇಶಕ್ಕೆ ಹೋದದ್ದು ಹೊಸದೇನಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯ ಬಡತನದಲ್ಲಿ ಓದಿ ಅಮೆರಿಕದ ಓಹಿಯೊ ರಾಜ್ಯ ವಿಶ್ವವಿದ್ಯಾಲಯದಿಂದ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಬಂದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡ ಮತ್ತು ಮೂಢನಂಬಿಕೆಗಳನ್ನು ಪರಿಶೀಲಿಸಲು ಸಮಿತಿ ಮಾಡಿದವರೂ ಅವರೇ. ಬೂದಿ ಸೃಷ್ಟಿಸುತ್ತೇನೆ ಎಂದವರನ್ನು ಕೇಳಿದಂತೆಯೇ, ವೀಸಾ ಗ್ಯಾರಂಟಿ ಎಂದವರನ್ನೂ ‘ತೋರಿಸಿ’ ಎಂದು ಕೇಳಬೇಕು.

ತೀರ್ಪು: ‘ಟೂರಿಸ್ಟ್ ವೀಸಾದಲ್ಲಿ ಹೋಗಿ ಇಂಗ್ಲಿಷ್ ಟೀಚರ್ ಆಗಬಹುದು’ ಎಂಬ ಮಾತು ದಾರಿ ತಪ್ಪಿಸುವಂಥದ್ದು. ಕೆಲಸ ನಿಜವಾಗಿಯೂ ಇದ್ದರೆ ಒಪ್ಪಂದ ಮತ್ತು ಕೆಲಸದ ವೀಸಾ ನೀವು ಹೊರಡುವ ಮುನ್ನವೇ ಕೈಯಲ್ಲಿರುತ್ತವೆ.

ಗ್ರೂಪಿಗೆ ಕಳಿಸಬೇಕೆಂದಿದ್ದರೆ ಇದನ್ನು ಕಳಿಸಿ: ‘ವಿದೇಶದ ಕೆಲಸಕ್ಕೆ ಮೊದಲು ಒಪ್ಪಂದ, ಆಮೇಲೆ ಕೆಲಸದ ವೀಸಾ, ಕೊನೆಗೆ ಟಿಕೆಟ್. ಏಜೆಂಟ್ ಹೆಸರನ್ನು ಇಮೈಗ್ರೇಟ್‌ನಲ್ಲಿ ನೋಡಿ. ಸೇವಾ ಶುಲ್ಕ ಜಿಎಸ್‌ಟಿ ಸೇರಿ 35,400 ರೂಪಾಯಿ ದಾಟುವಂತಿಲ್ಲ. ಮೋಸವಾದರೆ 1930.’